ಸಂಬಳ ಇಲ್ಲದವಳ ಕಣ್ಣಲ್ಲಿ ಸಿಂಗಪುರದ ಸಿಪಿಎಫ್

ಸಿಂಗಪುರದಲ್ಲಿ ಪಿಆರ್ (ಕಾಯಂ ಆಗಿ ನೆಲೆಸುವ ಅನುಮತಿ) ಸಿಕ್ಕ ಕೂಡಲೇ ನಮ್ಮ ಕನ್ನಡದ ಗಂಡಸರು ಕೇಳುವ ಮೊದಲ ಪ್ರಶ್ನೆ, ‘ಸಿಪಿಎಫ್‌ಗೆ ಎಷ್ಟು ಕಟ್ ಆಗುತ್ತೆ?’ ಸಿಪಿಎಫ್ ಅಂದರೆ ಇಲ್ಲಿನ ಪಿ.ಎಫ್. ಹೆಂಗಸರು ಇದನ್ನು ಕೇಳೋದು ಕಮ್ಮಿ. ನಮ್ಮಲ್ಲಿ ಎಷ್ಟೋ ಜನ ಗಂಡನ ಕೆಲಸದ ಜೊತೆ ಡಿಪೆಂಡೆಂಟ್ ಪಾಸ್ ಮೇಲೆ ಬಂದವರು. ಸಂಬಳವೇ ಇಲ್ಲ ಅಂದಮೇಲೆ ಕಟ್ ಆಗೋದಾದರೂ ಏನು? ಹಾಗಾಗಿ ಈ ಸೇವೆಯ ಬಗ್ಗೆ ನಾನು ಓದಿದ ವಿಮರ್ಶೆಗಳೆಲ್ಲ ಎಕ್ಸೆಲ್ ಶೀಟಿನಲ್ಲಿ ಬಡ್ಡಿ ಲೆಕ್ಕ ಹಾಕುವವರದ್ದು. ಇದು ಹಾಗಲ್ಲ. ಮನೆಯಲ್ಲೇ ಇದ್ದು ಮಕ್ಕಳನ್ನು ಬೆಳೆಸಿ, ನಲವತ್ತೈದು ದಾಟಿದ ಮೇಲೆ ಒಂದು ಚೈಲ್ಡ್‌ಕೇರ್‌ನಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದವಳ ವಿಮರ್ಶೆ.

ನಾವಿರೋದು ಸೆಂಗ್‌ಕಾಂಗ್‌ನ ನಾಲ್ಕು ರೂಮಿನ ಎಚ್‌ಡಿಬಿ (ಸರ್ಕಾರದ ವಸತಿ ಮಂಡಳಿ) ಮನೆಯಲ್ಲಿ. ಭಾರತದ ಪಾಸ್‌ಪೋರ್ಟ್ ಬಿಟ್ಟು ಇಲ್ಲಿನ ಪ್ರಜೆಗಳಾಗಿದ್ದೇವೆ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಮುಂದೆ ಬರೆಯುವ ಸವಲತ್ತುಗಳಲ್ಲಿ ಅರ್ಧಕ್ಕರ್ಧ ಪಿಆರ್‌ಗಳಿಗೂ ಸಿಗಲ್ಲ. ಎಂಪ್ಲಾಯ್‌ಮೆಂಟ್ ಪಾಸ್‌ನವರಿಗಂತೂ ಸಿಪಿಎಫ್ಫೇ ಇಲ್ಲ.

ಗೊತ್ತಿಲ್ಲದವರಿಗೆ ಚುಟುಕಾಗಿ. ಸಿಪಿಎಫ್ ಶುರುವಾಗಿದ್ದು 1955ರಲ್ಲಿ, ಬ್ರಿಟಿಷರ ಕಾಲದಲ್ಲಿ. 55ರ ಒಳಗಿನ ನೌಕರನ ಸಂಬಳದಿಂದ 20 ಪರ್ಸೆಂಟ್ ಹೋಗುತ್ತೆ, ಕಂಪನಿ ಇನ್ನೊಂದು 17 ಹಾಕುತ್ತೆ. ಹೊಸ ಪಿಆರ್‌ಗೆ ಮೊದಲ ವರ್ಷ 5 ಮತ್ತು 4 ಅಷ್ಟೇ, ಮೂರನೇ ವರ್ಷಕ್ಕೆ ಪೂರ್ತಿ. ದುಡ್ಡು ಮೂರು ಖಾತೆಗೆ ಹಂಚಿಹೋಗುತ್ತೆ. ಮನೆಗೆ ಅಂತ ಆರ್ಡಿನರಿ ಖಾತೆ, ವಯಸ್ಸಾದ ಮೇಲಕ್ಕೆ ಅಂತ ಸ್ಪೆಷಲ್ ಖಾತೆ, ಆಸ್ಪತ್ರೆಗೆ ಅಂತ ಮೆಡಿಸೇವ್. ಮೊದಲನೆಯದಕ್ಕೆ ಕಡೇಪಕ್ಷ 2.5 ಪರ್ಸೆಂಟ್ ಬಡ್ಡಿ, ಉಳಿದೆರಡಕ್ಕೆ 4.

ಸರ್ಕಾರ ಯಾವುದನ್ನು ಮುಂದಿಟ್ಟಿದೆ ಅಂತ ತಿಳಿಯೋಕೆ ಬಜೆಟ್ ಭಾಷಣ ಕೇಳಬೇಕಿಲ್ಲ, ಇಸವಿ ನೋಡಿದರೆ ಸಾಕು. ಸಿಪಿಎಫ್ ದುಡ್ಡಲ್ಲಿ ಎಚ್‌ಡಿಬಿ ಮನೆ ಕೊಳ್ಳಬಹುದು ಅಂತ ಆಗಿದ್ದು 1968ರಲ್ಲಿ. ಆಸ್ಪತ್ರೆ ಖರ್ಚಿಗೆ ಮೆಡಿಸೇವ್ ಬಂದಿದ್ದು 1984ರಲ್ಲಿ. ಬದುಕಿರುವಷ್ಟು ದಿನ ತಿಂಗಳು ತಿಂಗಳು ಪಿಂಚಣಿ ಥರ ಕೊಡುವ ಸಿಪಿಎಫ್ ಲೈಫ್ ಬಂದಿದ್ದು 2009ರಲ್ಲಿ. ಮೊದಲು ತಲೆಯ ಮೇಲೊಂದು ಸೂರು, ಆಮೇಲೆ ಆಸ್ಪತ್ರೆ, ಅದಕ್ಕೂ ಆಮೇಲೆ ಸಾಯುವ ತನಕ ಮುಪ್ಪಿನ ಊಟ. ಕೆಲಸ ಕಳೆದುಕೊಂಡವರಿಗೆ ನೆರವು? ಅದು ಬರೋಕೆ 2025ರ ಏಪ್ರಿಲ್ ಆಗಬೇಕಾಯಿತು.

ಮನೆಯ ವಿಷಯದಲ್ಲಿ ನಾನು ಫುಲ್ ಮಾರ್ಕ್ಸ್ ಕೊಡ್ತೀನಿ. ನಮ್ಮ ಮನೆಯವರ ಕೈಗೆ ಬರುವ ಸಂಬಳ ಮುಟ್ಟದೆ ಮನೆ ಸಾಲ ತೀರಿತು. ತಿಂಗಳ ಕೊನೆಗೆ ಕಂತಿನ ಚಿಂತೆ ನಾನು ಕಂಡಿದ್ದೇ ಇಲ್ಲ. ಆದರೆ ಒಂದು ಸಣ್ಣ ಅಕ್ಷರದ ಷರತ್ತಿದೆ. ಮನೆ ಮಾರಿದರೆ, ಸಿಪಿಎಫ್‌ನಿಂದ ತೆಗೆದ ಅಸಲನ್ನಷ್ಟೇ ಅಲ್ಲ, ಆ ದುಡ್ಡು ಖಾತೆಯಲ್ಲೇ ಇದ್ದಿದ್ದರೆ ಎಷ್ಟು ಬಡ್ಡಿ ಬೆಳೀತಿತ್ತೋ ಅದನ್ನೂ ಸೇರಿಸಿ ವಾಪಸ್ ಖಾತೆಗೆ ಹಾಕಬೇಕು. ನಮ್ಮದೇ ದುಡ್ಡಿಗೆ ನಾವೇ ಬಡ್ಡಿ ಕಟ್ಟೋದು! ಹೋಗೋದು ನಮ್ಮ ಖಾತೆಗೇ ಅನ್ನೋದು ನಿಜ. ಆದರೂ ಮಾರಿದ ದಿನ ಕೈಗೆ ಬರುವ ನಗದು ನೋಡಿ ಮುಖ ಸಪ್ಪಗೆ ಮಾಡಿಕೊಂಡವರನ್ನು ನೋಡಿದ್ದೇನೆ. ಮನೆ ಮಾರುವ ಯೋಚನೆ ಇದ್ದವರು ಆ್ಯಪ್‌ನಲ್ಲಿ ಈ ಅಂಕಿಯನ್ನು ಮೊದಲೇ ನೋಡಿಕೊಳ್ಳಿ.

ಈಗ 55ರ ವಿಷಯಕ್ಕೆ ಬರೋಣ. ನನಗೆ 2025ರಲ್ಲಿ 55 ತುಂಬಿತು. ಆ ವಯಸ್ಸಿಗೆ ರಿಟೈರ್‌ಮೆಂಟ್ ಖಾತೆ ಅಂತ ಹೊಸದೊಂದು ತಾನಾಗೇ ತೆರೆಯುತ್ತೆ. ಸ್ಪೆಷಲ್ ಖಾತೆ ಮುಚ್ಚಿ ಅದರ ದುಡ್ಡು ಇಲ್ಲಿಗೆ ಬರುತ್ತೆ. ಸಾಲದಿದ್ದರೆ ಆರ್ಡಿನರಿಯಿಂದಲೂ ಬರುತ್ತೆ. ಎಷ್ಟಿರಬೇಕು ಅನ್ನೋದಕ್ಕೆ ಮೂರು ಮಟ್ಟ. ನನ್ನ ವರ್ಷದವರಿಗೆ ಬೇಸಿಕ್ 1,06,500 ಡಾಲರ್, ಫುಲ್ 2,13,000, ಎನ್‌ಹ್ಯಾನ್ಸ್‌ಡ್ 4,26,000. ಕೊನೆಯದನ್ನು ತುಂಬಿಸಿದವರಿಗೆ 65ರಿಂದ ಸಾಯುವ ತನಕ ತಿಂಗಳಿಗೆ ಮೂರು ಸಾವಿರ ಡಾಲರ್‌ಗಿಂತ ಜಾಸ್ತಿ ಬರುತ್ತೆ. ತಡ ಮಾಡಿ 70ರಿಂದ ತಗೊಂಡರೆ ಇನ್ನೂ ಜಾಸ್ತಿ.

ಟ್ಯಾಂಪಿನೀಸ್‌ನ ಸಿಪಿಎಫ್ ಕೇಂದ್ರಕ್ಕೆ ಹೋಗಿ ಎದುರು ಕೂತು ಕೇಳಿದೆ. ಆನ್‌ಲೈನ್‌ನಲ್ಲೇ ಎಲ್ಲ ಮಾಡಬಹುದು, ಆದರೆ ನನಗೆ ಮುಖ ನೋಡಿ ಕೇಳಿದರೇ ಸಮಾಧಾನ. ಮೊದಲೇ ಅಪಾಯಿಂಟ್‌ಮೆಂಟ್ ಮಾಡಿಕೊಂಡು ಹೋಗಿ, ಇಲ್ಲದಿದ್ದರೆ ಸುಮ್ನೆ ಓಡಾಟ. ಹೇಳಿದ ಹೊತ್ತಿಗೆ ಕರೆದರು. ಕೌಂಟರಿನ ಹುಡುಗಿಗೆ ನನ್ನ ಮಗಳ ವಯಸ್ಸು. ಪರದೆಯನ್ನು ನನ್ನ ಕಡೆ ತಿರುಗಿಸಿ, ಒಂದೊಂದು ಸಾಲಿನ ಕೆಳಗೂ ಪೆನ್ನಿನ ಹಿಂಬದಿ ಇಟ್ಟು ವಿವರಿಸಿದಳು. ‘ಆಂಟಿ, ಅರ್ಥ ಆಯ್ತಾ, ಇನ್ನೊಂದು ಸಲ ಹೇಳಲಾ?’ ಅಂತ ನಗುತ್ತಲೇ ಕೇಳ್ತಿದ್ದಳು. ಸರ್ಕಾರಿ ಕೌಂಟರಿನಲ್ಲಿ ಇಷ್ಟು ತಾಳ್ಮೆ ಇದ್ದರೆ ಅದಕ್ಕೇ ಒಂದು ಸ್ಟಾರ್ ಎತ್ತಿಡಬೇಕು.

ನಮ್ಮ ಮನೆಯವರೂ ಪಕ್ಕದಲ್ಲಿದ್ದರು. ಅವರ ಫೋನಿನಲ್ಲಿ ಅವರ ಖಾತೆ ತೆರೆದಿತ್ತು, ಎದುರಿನ ಪರದೆ ಮೇಲೆ ನನ್ನದು. ಅವರದ್ದು ಫುಲ್ ದಾಟಿದೆ. ನನ್ನದು ಬೇಸಿಕ್‌ನ ಕಾಲು ಭಾಗ. ಅದೂ ಚೈಲ್ಡ್‌ಕೇರ್ ಕೆಲಸ ಮಾಡಿದ್ದರಿಂದ.

‘ರೀ, ನಾವಿಬ್ಬರೂ ಒಂದೇ ವಿಮಾನದಲ್ಲಿ ಬಂದಿದ್ವಿ ಅಲ್ವಾ?’ ಅಂದೆ.

‘ನಂದು ನಿಂದಲ್ವೇನೇ?’ ಅಂದರು.

ಒಳ್ಳೆ ಮನಸ್ಸಿಂದಲೇ ಅಂದಿದ್ದು, ಅನುಮಾನ ಇಲ್ಲ. ಆದರೆ ಪರದೆ ಮೇಲೆ ಅದು ಬೇರೆ ಬೇರೆಯೇ. ಈ ಸೇವೆಯ ದೊಡ್ಡ ಕೊರತೆ ಇದೇ ಅಂತ ನನ್ನ ಅಭಿಪ್ರಾಯ. ಸಂಬಳದ ಮೇಲೆ ಕಟ್ಟಿದ ವ್ಯವಸ್ಥೆಯಲ್ಲಿ ಸಂಬಳ ಇಲ್ಲದ ಕೆಲಸಕ್ಕೆ ಖಾತೆ ಇಲ್ಲ. ಎರಡು ಹೆರಿಗೆ, ಅತ್ತೆ ಬಂದಾಗ ಮೊಣಕಾಲಿನ ಆರೈಕೆ, ಮಗನ ಆರನೇ ಕ್ಲಾಸಿನ ಪಿಎಸ್‌ಎಲ್‌ಇ ಪರೀಕ್ಷೆ, ಇವೆಲ್ಲ ಯಾವ ಕಾಲಮ್ಮಿನಲ್ಲೂ ಬರಲ್ಲ.

ಖಾತೆಯಲ್ಲಿ ಕಮ್ಮಿ ಇದ್ದವರೂ 55ಕ್ಕೆ 5,000 ಡಾಲರ್ ತನಕ ತೆಗೆದುಕೊಳ್ಳಬಹುದು. ನಾನು ಮುಟ್ಟಲಿಲ್ಲ. ಕಾರಣ ಇದೆ. 65ರ ಹೊತ್ತಿಗೆ ರಿಟೈರ್‌ಮೆಂಟ್ ಖಾತೆಯಲ್ಲಿ 60,000 ಇದ್ದರೆ ತಾನಾಗೇ ಸಿಪಿಎಫ್ ಲೈಫ್‌ಗೆ ಸೇರುತ್ತೀರಿ, ನೂರು ವರ್ಷ ಬದುಕಿದರೂ ದುಡ್ಡು ಬರುತ್ತೆ. ಅದಕ್ಕಿಂತ ಕಮ್ಮಿ ಇದ್ದರೆ ಹಳೇ ಪದ್ಧತಿ. ಖಾತೆ ಬರಿದಾಗುವ ತನಕ ತಿಂಗಳು ತಿಂಗಳು ಬರುತ್ತೆ, ಆಮೇಲೆ ನಿಲ್ಲುತ್ತೆ. ಹೆಂಗಸರು ಗಂಡಸರಿಗಿಂತ ಜಾಸ್ತಿ ವರ್ಷ ಬದುಕೋದು, ಹೆಂಗಸರ ಖಾತೆಯೇ ಬೇಗ ಬರಿದಾಗೋದು. ನಾನು ಆ 60,000 ದಾಟಲೇಬೇಕು ಅಂತ ಹಟ ಹಿಡಿದಿದ್ದೇನೆ.

ಇಲ್ಲೇ ಈ ಸೇವೆಯ ಅತ್ಯುತ್ತಮ ಭಾಗ ಬರೋದು. ಮ್ಯಾಚ್ಡ್ ರಿಟೈರ್‌ಮೆಂಟ್ ಸೇವಿಂಗ್ಸ್ ಸ್ಕೀಮ್ ಅಂತ ಉದ್ದದ ಹೆಸರು. 55 ದಾಟಿದ, ಖಾತೆಯಲ್ಲಿ ಬೇಸಿಕ್‌ಗಿಂತ ಕಮ್ಮಿ ಇರುವ, ಸಂಪಾದನೆ ಕಮ್ಮಿ ಇರುವ ಪ್ರಜೆಗಳಿಗೆ. ನೀವು ವರ್ಷಕ್ಕೆ ಎಷ್ಟು ಹಾಕ್ತೀರೋ ಅಷ್ಟೇ ಸರ್ಕಾರವೂ ಹಾಕುತ್ತೆ. 2021ರಲ್ಲಿ ಶುರುವಾದಾಗ 600 ಡಾಲರ್ ಮಿತಿ ಇತ್ತು. 2025ರಿಂದ ಅದು 2,000. ಜೀವಮಾನಕ್ಕೆ ಒಟ್ಟು 20,000. ಅರ್ಜಿ ಇಲ್ಲ, ಅರ್ಹತೆಯನ್ನು ಅವರೇ ಪ್ರತಿ ವರ್ಷ ನೋಡಿ ತಿಳಿಸುತ್ತಾರೆ. ಗಂಡ, ಮಕ್ಕಳು, ಯಾರು ಬೇಕಾದರೂ ನಿಮ್ಮ ಖಾತೆಗೆ ಹಾಕಬಹುದು. ಮೊದಲ ಕಂತನ್ನು ನನ್ನ ಮಗ ತನ್ನ ಸಂಬಳದಿಂದ ಹಾಕಿದ. ಸರ್ಕಾರದ ಪಾಲು ಮುಂದಿನ ವರ್ಷದ ಶುರುವಿಗೆ ಖಾತೆಗೆ ಬಂತು.

ಲೆಕ್ಕ ಹಾಕಿ ನೋಡಿ. ಹತ್ತು ವರ್ಷ ನಮ್ಮದು ಎರಡು ಸಾವಿರ, ಅವರದ್ದು ಎರಡು ಸಾವಿರ. ಒಟ್ಟು 40,000. ಈಗಿರುವ ಸುಮಾರು 26,000ದ ಜೊತೆ ಸೇರಿದರೆ ಬಡ್ಡಿ ಬಿಟ್ಟೇ 60,000 ದಾಟುತ್ತೆ. ಬಡ್ಡಿಯೂ ಚೆನ್ನಾಗಿದೆ. 55 ದಾಟಿದವರಿಗೆ ಮೊದಲ 30,000ಕ್ಕೆ 2 ಪರ್ಸೆಂಟ್ ಹೆಚ್ಚುವರಿ, ಮುಂದಿನ 30,000ಕ್ಕೆ 1. ಅಂದರೆ ರಿಟೈರ್‌ಮೆಂಟ್ ಖಾತೆಯಲ್ಲಿ ಮೊದಲ ಭಾಗಕ್ಕೆ 6 ಪರ್ಸೆಂಟ್ ತನಕ ಬೀಳುತ್ತೆ. ಸಣ್ಣ ಖಾತೆಯವರಿಗೇ ಜಾಸ್ತಿ ಬಡ್ಡಿ, ಇದು ನನಗೆ ತುಂಬಾ ಹಿಡಿಸಿದ ವಿಷಯ.

ಆದರೆ ಸರ್ಕಾರದ ಎರಡು ಸಾವಿರ ಬೇಕಾದರೆ ಮೊದಲು ನಿಮ್ಮ ಹತ್ತಿರ ಎರಡು ಸಾವಿರ ಇರಬೇಕು, ಅಲ್ವಾ? ದಾವಣಗೆರೆಯಲ್ಲಿ ನಮ್ಮ ಅತ್ತಿಗೆಗೆ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರುತ್ತೆ. ‘ನೀನು ಮೊದಲು ಎಷ್ಟು ಹಾಕ್ತೀಯಮ್ಮ’ ಅಂತ ಅಲ್ಲಿ ಯಾರೂ ಕೇಳಲ್ಲ. ಮನೆಯ ಯಜಮಾನಿ ಅಂತ ರೇಷನ್ ಕಾರ್ಡಿನಲ್ಲಿದ್ದು, ಗಂಡ ಹೆಂಡತಿ ಇಬ್ಬರೂ ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಕಟ್ಟುವವರಲ್ಲದಿದ್ದರೆ ಸಾಕು. ಮೊತ್ತ ಹೋಲಿಸಬೇಡಿ, ಅದು ಸರಿಯಲ್ಲ. ಕೊಡುವ ಮನಸ್ಸಿನ ರೀತಿ ಬೇರೆ ಅಂತಷ್ಟೇ ಹೇಳ್ತಿದ್ದೇನೆ. ಇಲ್ಲಿನವರು ಕೈ ನೀಡುವ ಮೊದಲು ನಿನ್ನ ಕೈಯಲ್ಲೇನಿದೆ ನೋಡೋಣ ಅಂತಾರೆ.

ಇನ್ನೊಂದು ವಿಷಯ, ಗೃಹಿಣಿಯರು ದಯವಿಟ್ಟು ಇದನ್ನು ಎರಡು ಸಲ ಓದಿ. ಗಂಡನ ಸಿಪಿಎಫ್ ದುಡ್ಡು ಅವರ ವಿಲ್ ಪ್ರಕಾರ ಹಂಚಿಕೆಯಾಗಲ್ಲ. ಅದಕ್ಕೆ ಬೇರೆ ನಾಮಿನೇಷನ್ ಮಾಡಬೇಕು. ಮದುವೆಗೆ ಮುಂಚೆ ಅಪ್ಪ ಅಮ್ಮನ ಹೆಸರಿಗೆ ಮಾಡಿದ್ದರೆ, ಮದುವೆಯಾದ ದಿನವೇ ಅದು ರದ್ದು. ಆಮೇಲೆ ಹೊಸದಾಗಿ ಮಾಡದೇ ಇದ್ದರೆ ದುಡ್ಡು ಪಬ್ಲಿಕ್ ಟ್ರಸ್ಟಿಯ ಹತ್ತಿರ ಹೋಗಿ, ಕಾನೂನಿನ ಪ್ರಕಾರ ಹೆಂಡತಿಗೆ ಅರ್ಧ, ಮಕ್ಕಳಿಗೆ ಅರ್ಧ. ಸಿಗೋದೇನೋ ಸಿಗುತ್ತೆ, ಆದರೆ ಕಾಯಬೇಕು. ಆನ್‌ಲೈನ್‌ನಲ್ಲೇ ಮಾಡಬಹುದು, ಇಬ್ಬರು ಸಾಕ್ಷಿ ಬೇಕು. ನಾವು ಒಂದು ಭಾನುವಾರ ಉಪ್ಪಿಟ್ಟು ತಿಂದು ಕೂತು ಮುಗಿಸಿದೆವು. ಸಾಕ್ಷಿಗೆ ಗೆಳತಿ ಮತ್ತು ಅವಳ ಗಂಡನನ್ನು ಕರೆದಿದ್ದೆವು. ನಾಮಿನಿಗಳನ್ನು ಸಾಕ್ಷಿ ಮಾಡೋ ಹಾಗಿಲ್ಲ.

ಸಿಪಿಎಫ್ ಲೈಫ್‌ನಲ್ಲಿ ಮೂರು ಪ್ಲಾನ್ ಇವೆ. ನಮ್ಮ ಮನೆಯವರಿಗೆ ಸ್ಟ್ಯಾಂಡರ್ಡ್ ಇಷ್ಟ, ಪ್ರತಿ ತಿಂಗಳು ಒಂದೇ ಮೊತ್ತ. ನನಗೆ ಎಸ್ಕಲೇಟಿಂಗ್. ಶುರುವಿಗೆ ಕಮ್ಮಿ ಬರುತ್ತೆ, ಆದರೆ ವರ್ಷಕ್ಕೆ 2 ಪರ್ಸೆಂಟ್ ಏರುತ್ತೆ. ಮಾರ್ಕೆಟ್ಟಿಗೆ ಹೋಗಿ ತರಕಾರಿ ತರೋಳು ನಾನು, ಬೆಲೆ ಏರೋದು ನನಗೆ ಗೊತ್ತು. ಈ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಈಗ ಖುಷಿಯ ಐಟಮ್ಮಿಗೆ ಬರ್ತೀನಿ: ಸಿಡಿಸಿ ವೋಚರ್. ಇದು ಸಿಪಿಎಫ್ ಅಲ್ಲ, ಅಂಗಡಿಯಲ್ಲಿ ದುಡ್ಡಿನ ಬದಲು ಬಳಸೋಕೆ ಸರ್ಕಾರ ಕೊಡುವ ಕೂಪನ್. ಮನೆಯಲ್ಲಿ ಒಬ್ಬ ಪ್ರಜೆ ಇದ್ದರೂ ಆ ಮನೆಗೆ ಬರುತ್ತೆ. ಶ್ರೀಮಂತ, ಬಡವ ಅಂತ ನೋಡಲ್ಲ. 2025ರಲ್ಲಿ ಜನವರಿಗೆ 300 ಡಾಲರ್, ಮೇ ತಿಂಗಳಲ್ಲಿ 500 ಬಂತು. 2026ರ ಜನವರಿಯಲ್ಲಿ ಮತ್ತೆ 300. ಒಬ್ಬರು ಸಿಂಗ್‌ಪಾಸ್‌ನಲ್ಲಿ (ಸರ್ಕಾರಿ ಸೇವೆಗಳ ಲಾಗಿನ್) ಕ್ಲೇಮ್ ಮಾಡಿದರೆ ಎಸ್‌ಎಂಎಸ್‌ನಲ್ಲಿ ಲಿಂಕ್ ಬರುತ್ತೆ. ಅದನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಎಲ್ಲರೂ ಬಳಸಬಹುದು. ಅರ್ಧ ದುಡ್ಡು ಸೂಪರ್‌ಮಾರ್ಕೆಟ್‌ಗೆ, ಅರ್ಧ ಹಾಕರ್ ಅಂಗಡಿ (ಸಣ್ಣ ಊಟ ತಿಂಡಿ ಅಂಗಡಿ) ಮತ್ತು ಬ್ಲಾಕಿನ ಕೆಳಗಿನ ಸಣ್ಣ ಅಂಗಡಿಗಳಿಗೆ. ಈ ಭಾಗ ಮಾಡಿದವರ ತಲೆಗೆ ಶಭಾಷ್ ಅನ್ನಬೇಕು. ಇಲ್ಲದಿದ್ದರೆ ಎಲ್ಲ ದುಡ್ಡೂ ದೊಡ್ಡ ಅಂಗಡಿಗಳ ಪಾಲಾಗ್ತಿತ್ತು.

ಬಳಸೋದು ಹೇಗಿರುತ್ತೆ ಅಂದರೆ, ನಮ್ಮ ಬ್ಲಾಕಿನ ಹತ್ತಿರದ ಕಾಫಿ ಶಾಪಿನಲ್ಲಿ ತೋಸೈ (ನಮ್ಮ ದೋಸೆ) ಮಾಡುವ ಒಬ್ಬ ತಮಿಳು ಅಣ್ಣ ಇದ್ದಾರೆ. ಬಿಲ್ಲು ಮೂರೂವರೆ ಡಾಲರ್. ವೋಚರ್ ಇರೋದು 2, 5, 10ರ ಲೆಕ್ಕದಲ್ಲಿ, ಚಿಲ್ಲರೆ ವಾಪಸ್ ಇಲ್ಲ. ಒಂದು 2 ಒತ್ತಿ, ಕ್ಯುಆರ್ ತೋರಿಸಿ, ಉಳಿದ ಒಂದೂವರೆ ನಗದು ಕೊಡಬೇಕು. ಅವರ ಕೈ ತುಂಬಾ ಹಿಟ್ಟು. ಮೊಣಕೈಯಲ್ಲೇ ಫೋನು ಹತ್ತಿರ ಎಳೆದುಕೊಂಡು ಸ್ಕ್ಯಾನ್ ಮಾಡ್ತಾರೆ. ‘ಅಕ್ಕಾ, ಇನ್ನೊಂದು ಕಾಫಿ ತಗೊಳ್ಳಿ, ಐದರ ವೋಚರ್ ಒತ್ತಿಬಿಡಿ’ ಅಂತ ತಮಿಳಿನಲ್ಲಿ ಐಡಿಯಾ ಬೇರೆ. ವೋಚರ್ ದೆಸೆಯಿಂದ ನಾನು ಕುಡಿದ ಕಾಫಿ ಎಷ್ಟೋ.

ತೊಗರಿಬೇಳೆ, ಸೋನಾ ಮಸೂರಿಯನ್ನೂ ಇದರಲ್ಲೇ ತರ್ತೀನಿ. ಬ್ಲಾಕಿನ ಕೆಳಗಿನ ಭಾರತೀಯ ಅಂಗಡಿಯ ಬಾಗಿಲಲ್ಲಿ ವೋಚರಿನ ಸ್ಟಿಕ್ಕರ್ ಇದೆ. ಸ್ಟಿಕ್ಕರ್ ನೋಡಿಯೇ ಒಳಗೆ ಹೋಗಿ. ಒಂದು ಅಂಗಡಿಯಲ್ಲಿ ಬುಟ್ಟಿ ತುಂಬಿದ ಮೇಲೆ ‘ಈಗ ತಗೊಳ್ಳಲ್ಲ’ ಅಂದರು, ಸ್ಟಿಕ್ಕರ್ ಮಾತ್ರ ಹಾಗೇ ಅಂಟಿಕೊಂಡಿತ್ತು.

ಐದು ಸ್ಟಾರ್ ಕೊಟ್ಟುಬಿಡೋಣ ಅನ್ನಿಸುತ್ತೆ. ಆದರೆ ಇದರ ಹಿಂದೆ ಜಿಎಸ್‌ಟಿ ಇದೆ. 7 ಪರ್ಸೆಂಟ್ ಇದ್ದಿದ್ದು 2023ರಲ್ಲಿ 8, 2024ರಲ್ಲಿ 9 ಆಯಿತು. ಅಕ್ಕಿಗೂ ಕಟ್ತೀವಿ, ಮಾತ್ರೆಗೂ ಕಟ್ತೀವಿ. ವೋಚರ್ ಅಂದರೆ ಆ ಉರಿಗೆ ಹಚ್ಚುವ ಬೆಣ್ಣೆ. ನಾಲ್ಕು ಸ್ಟಾರ್ ಸಾಕು.

ಕೆಳಗಿನ ಮಹಡಿಯಲ್ಲಿ ಒಬ್ಬ ಚೀನೀ ಆಂಟಿ ಇದ್ದಾರೆ. ಎಂಬತ್ತರ ಆಸುಪಾಸು. ಬೆಳಿಗ್ಗೆ ತಳ್ಳುಗಾಡಿಯಲ್ಲಿ ರಟ್ಟಿನ ಡಬ್ಬ ಒಟ್ಟುಮಾಡಿ ಮಾರ್ತಾರೆ. ಇಂಥವರು ಈ ಊರಿನಲ್ಲಿ ಅಲ್ಲಲ್ಲಿ ಕಾಣ್ತಾರೆ, ಪ್ರವಾಸಕ್ಕೆ ಬಂದವರ ಕಣ್ಣಿಗೆ ಬೀಳಲ್ಲ. ಅವರಿಗೆ ಸ್ಮಾರ್ಟ್ ಫೋನ್ ಇಲ್ಲ. ಕಮ್ಯುನಿಟಿ ಸೆಂಟರಿನಲ್ಲಿ ವೋಚರನ್ನು ಕಾಗದದ ಮೇಲೆ ಪ್ರಿಂಟ್ ಹಾಕಿ ಕೊಡ್ತಾರೆ. ಆಂಟಿ ಅದನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಬಸ್ ಕಾರ್ಡಿನ ಜೊತೆ ಕೊರಳಿಗೆ ಹಾಕಿಕೊಂಡಿರ್ತಾರೆ.

ಅವರಿಗೆ ಸಿಲ್ವರ್ ಸಪೋರ್ಟ್ ಬರುತ್ತೆ. ದುಡಿಯುವ ವಯಸ್ಸಿನಲ್ಲಿ ಕಮ್ಮಿ ಸಂಪಾದಿಸಿದ, ಈಗಲೂ ಮನೆಯಲ್ಲಿ ಅಷ್ಟಕ್ಕಷ್ಟೇ ಇರುವ, 65 ದಾಟಿದವರಿಗೆ 2016ರಿಂದ ಕೊಡ್ತಿದ್ದಾರೆ. ಮೂರು ತಿಂಗಳಿಗೊಮ್ಮೆ, ಈಗ 1,080 ಡಾಲರ್ ತನಕ. ಇದಕ್ಕೂ ಅರ್ಜಿ ಇಲ್ಲ. ಸರ್ಕಾರವೇ ಲೆಕ್ಕ ನೋಡಿ ಹಾಕುತ್ತೆ. ಇಡೀ ವ್ಯವಸ್ಥೆಯಲ್ಲಿ ನನಗೆ ಗೌರವ ಮೂಡಿಸಿದ್ದು ಇದು. ಬಡವರು ತಾವು ಬಡವರು ಅಂತ ಯಾರೆದುರೂ ಹೇಳಿಕೊಳ್ಳಬೇಕಿಲ್ಲ.

ಅದಕ್ಕೆ ತದ್ವಿರುದ್ಧ ಕಾಮ್‌ಕೇರ್. ತೀರಾ ಕಷ್ಟದಲ್ಲಿರುವವರಿಗೆ 2005ರಿಂದ ಇರುವ ನೆರವು. ಅದು ಬೇಕಾದರೆ ಬಡಾವಣೆಯ ಸೋಷಿಯಲ್ ಸರ್ವೀಸ್ ಆಫೀಸಿಗೆ ಅರ್ಜಿ ಹಾಕಬೇಕು. ಮನೆಯವರ ಆದಾಯ, ಉಳಿತಾಯ ಎಲ್ಲ ನೋಡ್ತಾರೆ. ಮಕ್ಕಳು ನೋಡಿಕೊಳ್ಳೋಕೆ ಆಗುತ್ತಾ ಅಂತಲೂ ವಿಚಾರಿಸ್ತಾರೆ. ಮೊದಲು ನೀನು, ಆಮೇಲೆ ನಿನ್ನ ಕುಟುಂಬ, ಆಮೇಲೆ ಸಮಾಜ, ಕೊನೆಗೆ ಸರ್ಕಾರ ಅನ್ನೋದು ಇಲ್ಲಿನ ಕ್ರಮ. ಅಪ್ಪ ಅಮ್ಮನನ್ನು ನೋಡಿಕೊಳ್ಳದ ಮಕ್ಕಳ ಮೇಲೆ ಕಾನೂನು ತಂದಿದ್ದು 1995ರಲ್ಲಿ. ಭಾರತದಲ್ಲಿ ಅಂಥದ್ದು ಬಂದಿದ್ದು 2007ರಲ್ಲಿ.

ಆಂಟಿಗೆ ಒಬ್ಬ ಮಗ ಇದ್ದಾನೆ, ಮಾತುಕತೆ ಇಲ್ಲ. ಕಾಮ್‌ಕೇರ್‌ಗೆ ಹೋಗೋಣ, ನಾನು ಜೊತೆಗೆ ಬರ್ತೀನಿ ಅಂದೆ. ‘ಅಯ್ಯಾ, ಅವರು ನನ್ನ ಮಗನ ವಿಷಯ ಕೇಳ್ತಾರೆ’ ಅಂದು ಗಾಡಿ ತಳ್ಳಿಕೊಂಡು ಹೊರಟರು. ಆಫೀಸಿನವರ ತಪ್ಪು ಅಂತ ನಾನು ಹೇಳಲ್ಲ, ಕೇಳೋದು ಅವರ ಕೆಲಸ. ಆದರೆ ಆ ಪ್ರಶ್ನೆಗೆ ಹೆದರಿಯೇ ಬಾಗಿಲ ತನಕ ಹೋಗದವರು ಇದ್ದಾರೆ. ಸಿಲ್ವರ್ ಸಪೋರ್ಟ್ ಥರ ತಾನಾಗೇ ಬರುವ ದುಡ್ಡು ಜಾಸ್ತಿ ಆಗಲಿ, ಕೇಳಿ ಪಡೆಯಬೇಕಾದ್ದು ಕಮ್ಮಿ ಆಗಲಿ ಅಂತ ನನ್ನ ಆಸೆ. ಈ ಭಾಗಕ್ಕೆ ಎರಡೂವರೆ ಸ್ಟಾರ್.

ಕೆಲಸ ಹೋದವರ ಸ್ಕೀಮಿನ ಬಗ್ಗೆ ನನಗೆ ಸ್ವಂತ ಅನುಭವ ಇಲ್ಲ. ಆರು ತಿಂಗಳಲ್ಲಿ ಒಟ್ಟು 6,000 ಡಾಲರ್ ತನಕ. ಮೊದಲ ತಿಂಗಳು 1,500, ಆಮೇಲೆ ಇಳೀತಾ ಕೊನೆಯ ಮೂರು ತಿಂಗಳು ತಲಾ 750. ಕೆಲಸ ಹುಡುಕ್ತಿದ್ದೀನಿ ಅಂತ ತೋರಿಸ್ತಾ ಪಾಯಿಂಟ್ ಗಳಿಸಬೇಕು. ಇಲ್ಲಿನ ಬಾಡಿಗೆ ನೋಡಿದರೆ 750 ಯಾವ ಮೂಲೆಗೆ? ಆದರೂ ಏನೂ ಇಲ್ಲದ ಕಡೆ ಇಷ್ಟಾದರೂ ಬಂತು.

ಒಟ್ಟು ಹೇಳಬೇಕಾದರೆ ಸಂಬಳದವರಿಗೆ ನಾಲ್ಕೂವರೆ ಸ್ಟಾರ್, ಗೃಹಿಣಿಗೆ ಮೂರು. ಹೊಸದಾಗಿ ಪಿಆರ್ ಆದ ಹೆಂಗಸರಿಗೆ ನನ್ನ ಸಲಹೆ: ಅರ್ಧ ದಿನದ್ದಾದರೂ ಸರಿ, ಸಿಪಿಎಫ್ ಕಟ್ಟುವ ಕೆಲಸ ಹಿಡಿಯಿರಿ. ತಿಂಗಳಿಗೆ 50 ಡಾಲರ್ ದಾಟಿದರೆ ಕಂಪನಿ ತನ್ನ ಪಾಲು ಹಾಕಲೇಬೇಕು. ಅದು ಆಗದಿದ್ದರೆ ಗಂಡನ ಹತ್ತಿರ ಕೇಳಿ ನಿಮ್ಮ ಖಾತೆಗೆ ಟಾಪ್ ಅಪ್ ಮಾಡಿಸಿ. ಅವರ ಖಾತೆಯಲ್ಲಿ ಬೇಸಿಕ್‌ಗಿಂತ ಜಾಸ್ತಿ ಇದ್ದರೆ ಮೇಲಿನದ್ದನ್ನು ನೇರ ನಿಮ್ಮ ಖಾತೆಗೆ ವರ್ಗಾಯಿಸಲೂಬಹುದು. 55 ದಾಟಿದ ಪ್ರಜೆಗಳು ಆ ಎರಡು ಸಾವಿರವನ್ನು ಡಿಸೆಂಬರ್ 31ರ ಒಳಗೆ ಹಾಕಿ. ಒಂದು ವರ್ಷ ತಪ್ಪಿದರೆ ಆ ವರ್ಷದ ಸರ್ಕಾರದ ಪಾಲು ಮುಂದಿನ ವರ್ಷಕ್ಕೆ ಸೇರಿಕೊಳ್ಳಲ್ಲ.